ಅತಿನಿಖರ ಉಪಗ್ರಹ ಸ್ಥಾನನಿರ್ಣಯ

ಅತಿನಿಖರ ಉಪಗ್ರಹ ಸ್ಥಾನನಿರ್ಣಯ ಎಂದರೆ ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈದೋ, ನಾವಿಕ್ ಮೊದಲಾದ ಪಥದರ್ಶಕ ಉಪಗ್ರಹಗಳ ಸಂಕೇತಗಳನ್ನು ಬಳಸಿ, ಭೂಮಿಯ ಮೇಲಿನ ಒಂದು ಬಿಂದುವಿನ ಸ್ಥಾನವನ್ನು ಸೆಂಟಿಮೀಟರ್ ಅಥವಾ ಮಿಲಿಮೀಟರ್ ಮಟ್ಟದ ನಿಖರತೆಯಲ್ಲಿ ಕಂಡುಹಿಡಿಯುವ ವಿಧಾನಗಳ ಸಮೂಹ. ಮೊಬೈಲ್ ಫೋನಿನಲ್ಲಿರುವ ಸಾಮಾನ್ಯ ಜಿಪಿಎಸ್ ರಿಸೀವರ್ ತೆರೆದ ಆಕಾಶದ ಕೆಳಗೆ ಕೆಲವು ಮೀಟರ್‌ಗಳಷ್ಟು ತಪ್ಪಬಹುದು. ದಾರಿ ಹುಡುಕಲು ಇಷ್ಟು ಸಾಕು; ಜಮೀನಿನ ಗಡಿಕಲ್ಲು ನೆಡಲು, ಸೇತುವೆಯ ಕಂಬದ ಜಾಗ ಗುರುತಿಸಲು ಅಥವಾ ಭೂಫಲಕದ ಚಲನೆ ಅಳೆಯಲು ಸಾಲದು. ಈ ಅಂತರವನ್ನು ತುಂಬುವ ವಿಧಾನಗಳಲ್ಲಿ ರಿಯಲ್ ಟೈಮ್ ಕೈನೆಮ್ಯಾಟಿಕ್ ಅಥವಾ ಆರ್‌ಟಿಕೆ ಹೆಚ್ಚು ಬಳಕೆಯಲ್ಲಿದೆ.

ಈ ವಿಧಾನಗಳೆಲ್ಲ ಎರಡು ತತ್ತ್ವಗಳ ಮೇಲೆ ನಿಂತಿವೆ. ಒಂದು, ಉಪಗ್ರಹ ಕಳಿಸುವ ಸಂಕೇತದ ಬದಲು ಆ ಸಂಕೇತವನ್ನು ಹೊತ್ತು ತರುವ ರೇಡಿಯೊ ತರಂಗವನ್ನೇ ಅಳೆಯುವುದು. ಇನ್ನೊಂದು, ಸ್ಥಾನ ಮೊದಲೇ ಗೊತ್ತಿರುವ ಒಂದು ನಿಲ್ದಾಣದ ಅಥವಾ ನಿಲ್ದಾಣಗಳ ಜಾಲದ ನೆರವಿನಿಂದ ದೋಷಗಳನ್ನು ಕಳೆಯುವುದು. ಹೀಗಾಗಿ ದೊರೆಯುವ ನಿಖರತೆ ಯಾವಾಗಲೂ ಒಂದು ಆಧಾರಕ್ಕೆ ಸಾಪೇಕ್ಷವಾಗಿರುತ್ತದೆ. ಆಧಾರ ತಪ್ಪಾಗಿದ್ದರೆ ಉಪಕರಣ ಎಷ್ಟೇ ಉತ್ತಮವಾಗಿದ್ದರೂ ಫಲಿತಾಂಶ ತಪ್ಪಾಗುತ್ತದೆ.

## ಸಾಮಾನ್ಯ ಸ್ಥಾನನಿರ್ಣಯ ಮತ್ತು ಅದರ ದೋಷಗಳು

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿ ಉಪಗ್ರಹವೂ ತನ್ನ ಸ್ಥಾನವನ್ನು ಮತ್ತು ಸಂಕೇತ ಹೊರಟ ಸಮಯವನ್ನು ಪ್ರಸಾರ ಮಾಡುತ್ತಿರುತ್ತದೆ. ಸಂಕೇತ ತಲುಪಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹಕ್ಕಿರುವ ದೂರ ದೊರೆಯುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಅಜ್ಞಾತಗಳ ಜೊತೆಗೆ ರಿಸೀವರಿನ ಗಡಿಯಾರದ ತಪ್ಪೂ ಅಜ್ಞಾತವಾಗಿರುವುದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು.

ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂ.ಮೀ. ಚಲಿಸುತ್ತದೆ. ಆದ್ದರಿಂದ ಸಮಯದಲ್ಲಿ ಆಗುವ ಅತಿ ಸಣ್ಣ ತಪ್ಪೂ ದೂರದಲ್ಲಿ ದೊಡ್ಡದಾಗಿ ಕಾಣುತ್ತದೆ. ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳು ಸಾಪೇಕ್ಷತಾ ಸಿದ್ಧಾಂತದ ಪರಿಣಾಮದಿಂದ ಭೂಮಿಯ ಮೇಲಿನ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡು ಮುಂದೆ ಓಡುತ್ತವೆ. ಈ ವ್ಯತ್ಯಾಸವನ್ನು ವ್ಯವಸ್ಥೆಯ ವಿನ್ಯಾಸದಲ್ಲಿಯೇ ಸರಿಪಡಿಸಲಾಗಿದೆ. ಉಳಿಯುವ ಮುಖ್ಯ ದೋಷಗಳು ಇವು:

* ಕಕ್ಷೆ ಮತ್ತು ಗಡಿಯಾರದ ದೋಷ: ಉಪಗ್ರಹ ಪ್ರಸಾರ ಮಾಡುವ ಸ್ಥಾನ ಹಾಗೂ ಸಮಯ ಮುನ್ಸೂಚನೆಯ ಮೌಲ್ಯಗಳಾಗಿದ್ದು, ವಾಸ್ತವಕ್ಕಿಂತ ಸ್ವಲ್ಪ ಭಿನ್ನವಾಗಿರುತ್ತವೆ.
* ಅಯಾನು ಮಂಡಲದ ವಿಳಂಬ: ಸೂರ್ಯನ ವಿಕಿರಣದಿಂದ ವಿದ್ಯುದಂಶ ಪಡೆದ ಮೇಲಿನ ವಾಯುಪದರದಲ್ಲಿ ಸಂಕೇತ ನಿಧಾನವಾಗುತ್ತದೆ. ಈ ವಿಳಂಬ ಆವೃತ್ತಿಯ ವರ್ಗಕ್ಕೆ ವಿಲೋಮವಾಗಿರುವುದರಿಂದ, ಎರಡು ಆವೃತ್ತಿಗಳಲ್ಲಿ ಅಳೆಯುವ ರಿಸೀವರ್ ಇದರ ಬಹುಭಾಗವನ್ನು ತಾನೇ ಲೆಕ್ಕಹಾಕಿ ಕಳೆಯಬಲ್ಲದು.
* ಪರಿವರ್ತನ ಮಂಡಲದ ವಿಳಂಬ: ಕೆಳಗಿನ ವಾಯುವಿನ ಒತ್ತಡ ಮತ್ತು ತೇವಾಂಶದಿಂದ ಉಂಟಾಗುವುದು. ಇದು ಎಲ್ಲ ಆವೃತ್ತಿಗಳಿಗೂ ಒಂದೇ ಆಗಿರುವುದರಿಂದ ಮಾದರಿಗಳ ಮೂಲಕ ಅಂದಾಜು ಮಾಡಬೇಕಾಗುತ್ತದೆ.
* ಬಹುಪಥ ದೋಷ: ಕಟ್ಟಡ, ತಗಡಿನ ಚಾವಣಿ, ನೀರಿನ ಮೇಲ್ಮೈಗಳಿಂದ ಪ್ರತಿಫಲಿಸಿದ ಸಂಕೇತ ನೇರ ಸಂಕೇತದೊಡನೆ ಬೆರೆಯುವುದರಿಂದ ಆಗುವುದು.

ಇವುಗಳಲ್ಲಿ ಮೊದಲ ಮೂರು ದೋಷಗಳು ಹತ್ತಿರ ಹತ್ತಿರ ಇರುವ ಎರಡು ರಿಸೀವರ್‌ಗಳಿಗೆ ಬಹುಮಟ್ಟಿಗೆ ಸಮಾನವಾಗಿರುತ್ತವೆ. ಒಂದರ ಅಳತೆಯಿಂದ ಇನ್ನೊಂದರ ಅಳತೆಯನ್ನು ಕಳೆದರೆ ಅವು ಬಹುಪಾಲು ಅಳಿಸಿಹೋಗುತ್ತವೆ. ಬಹುಪಥ ದೋಷ ಆಯಾ ಸ್ಥಳಕ್ಕೆ ಸೇರಿದ್ದು. ಅದು ಹೀಗೆ ಅಳಿಯುವುದಿಲ್ಲ.

## ವಾಹಕ ತರಂಗದ ಅಳತೆ

ಜಿಪಿಎಸ್‌ನ ನಾಗರಿಕ ಸಂಕೇತ ಸೊನ್ನೆ ಮತ್ತು ಒಂದುಗಳ ಒಂದು ಸರಣಿ. ಅದರ ಒಂದೊಂದು ಘಟಕದ ಉದ್ದ ದೂರದ ಲೆಕ್ಕದಲ್ಲಿ ಸುಮಾರು 293 ಮೀಟರ್. ರಿಸೀವರ್ ಇದರ ನೂರನೆಯ ಒಂದು ಭಾಗವನ್ನು ಗುರುತಿಸಬಲ್ಲದು ಎಂದುಕೊಂಡರೂ ಅಳತೆಯ ಸೂಕ್ಷ್ಮತೆ 3 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಸಂಕೇತವನ್ನು ಹೊತ್ತು ತರುವ ವಾಹಕ ತರಂಗದ ಆವೃತ್ತಿ 1575.42 ಮೆಗಾಹರ್ಟ್ಸ್; ತರಂಗಾಂತರ ಸುಮಾರು 19 ಸೆಂ.ಮೀ. ಇದರ ನೂರನೆಯ ಒಂದು ಭಾಗವೆಂದರೆ 2 ಮಿ.ಮೀ. ಮಾತ್ರ. ದೊಡ್ಡ ಗುರುತುಗಳ ಅಳತೆಪಟ್ಟಿಯನ್ನು ಬಿಟ್ಟು ಸಣ್ಣ ಗುರುತುಗಳ ಪಟ್ಟಿಯನ್ನು ಹಿಡಿದಂತೆ ಇದು.

ಆದರೆ ಈ ಎರಡನೆಯ ಪಟ್ಟಿಯಲ್ಲಿ ಗುರುತುಗಳಿವೆ, ಅಂಕಿಗಳಿಲ್ಲ. ತರಂಗದ ಒಂದು ಆವರ್ತನದಲ್ಲಿ ತಾನು ಯಾವ ಹಂತದಲ್ಲಿದ್ದೇನೆ ಎಂಬುದನ್ನು, ಅಂದರೆ ತರಂಗದ ಪ್ರಾವಸ್ಥೆಯನ್ನು, ರಿಸೀವರ್ ಅತ್ಯಂತ ಸೂಕ್ಷ್ಮವಾಗಿ ಹೇಳಬಲ್ಲದು. ಉಪಗ್ರಹಕ್ಕೂ ತನಗೂ ನಡುವೆ ಇಂಥ ಎಷ್ಟು ಪೂರ್ಣ ತರಂಗಗಳಿವೆ ಎಂಬುದು ಅದಕ್ಕೆ ತಿಳಿಯದು. ಆ ಸಂಖ್ಯೆ ಹತ್ತು ಕೋಟಿಗೂ ಹೆಚ್ಚು. ಇದನ್ನು ಪೂರ್ಣಾಂಕ ಅನಿಶ್ಚಿತತೆ ಎಂದು ಕರೆಯಲಾಗುತ್ತದೆ. ಅತಿನಿಖರ ಸ್ಥಾನನಿರ್ಣಯದ ಗಣಿತವೆಲ್ಲ ಮುಖ್ಯವಾಗಿ ಈ ಪೂರ್ಣಾಂಕವನ್ನು ಕಂಡುಹಿಡಿಯುವ ಗಣಿತವೇ ಆಗಿದೆ.

ಇದಕ್ಕಾಗಿ ಎರಡು ರಿಸೀವರ್‌ಗಳು ಒಂದೇ ಹೊತ್ತಿಗೆ ಒಂದೇ ಉಪಗ್ರಹಗಳನ್ನು ಗಮನಿಸುತ್ತವೆ. ಒಂದೇ ಉಪಗ್ರಹದ ಬಗ್ಗೆ ಎರಡೂ ರಿಸೀವರ್‌ಗಳು ಮಾಡಿದ ಅಳತೆಗಳನ್ನು ಪರಸ್ಪರ ಕಳೆದಾಗ ಉಪಗ್ರಹದ ಗಡಿಯಾರದ ತಪ್ಪು ಹೋಗುತ್ತದೆ. ಹೀಗೆ ಬಂದ ವ್ಯತ್ಯಾಸಗಳನ್ನು ಎರಡು ಉಪಗ್ರಹಗಳ ನಡುವೆ ಮತ್ತೆ ಕಳೆದಾಗ ರಿಸೀವರ್‌ಗಳ ಗಡಿಯಾರದ ತಪ್ಪೂ ಹೋಗುತ್ತದೆ. ಇದಕ್ಕೆ ದ್ವಿವ್ಯತ್ಯಾಸ ವಿಧಾನ ಎಂದು ಹೆಸರು. ಉಳಿದ ಸಮೀಕರಣಗಳಲ್ಲಿ ಅಜ್ಞಾತ ತರಂಗಸಂಖ್ಯೆ ಪೂರ್ಣಾಂಕವೇ ಆಗಿರಬೇಕೆಂಬ ನಿಬಂಧನೆಯನ್ನು ಹಾಕಿ ಸರಿಯಾದ ಉತ್ತರವನ್ನು ಹುಡುಕಲಾಗುತ್ತದೆ.

ಪೂರ್ಣಾಂಕಗಳು ನಿರ್ಧಾರವಾಗದೆ ದಶಮಾಂಶ ರೂಪದಲ್ಲಿಯೇ ಉಳಿದ ಸ್ಥಿತಿಯನ್ನು ಸರ್ವೇಯರುಗಳು ‘ಫ್ಲೋಟ್’ ಎಂದೂ, ನಿರ್ಧಾರವಾದ ಸ್ಥಿತಿಯನ್ನು ‘ಫಿಕ್ಸ್’ ಎಂದೂ ಕರೆಯುತ್ತಾರೆ. ಫ್ಲೋಟ್ ಸ್ಥಿತಿಯಲ್ಲಿ ನಿಖರತೆ ಕೆಲವು ಡೆಸಿಮೀಟರ್‌ಗಳಷ್ಟು ಇರಬಹುದು. ಫಿಕ್ಸ್ ಆದೊಡನೆ ಅದು ಸೆಂಟಿಮೀಟರ್ ಮಟ್ಟಕ್ಕೆ ಇಳಿಯುತ್ತದೆ. ಅಪರೂಪಕ್ಕೆ ರಿಸೀವರ್ ತಪ್ಪು ಪೂರ್ಣಾಂಕವನ್ನೇ ಸರಿಯೆಂದು ಹಿಡಿದುಕೊಳ್ಳುತ್ತದೆ. ಆಗ ಪರದೆಯ ಮೇಲೆ ‘ಫಿಕ್ಸ್’ ಎಂದೇ ಕಾಣುತ್ತಿದ್ದರೂ ಸ್ಥಾನ ಹಲವು ಡೆಸಿಮೀಟರ್‌ಗಳಷ್ಟು ತಪ್ಪಿರಬಹುದು. ಈ ಕಾರಣದಿಂದಲೇ ಮುಖ್ಯ ಬಿಂದುಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಅಳೆಯುವ ರೂಢಿಯಿದೆ.

## ಇತಿಹಾಸ

ಜಿಪಿಎಸ್‌ನ ಮೊದಲ ಉಪಗ್ರಹವನ್ನು ಅಮೆರಿಕ 1978ರ ಫೆಬ್ರವರಿಯಲ್ಲಿ ಉಡಾಯಿಸಿತು. ಸೇನೆಯ ಉಪಯೋಗಕ್ಕೆಂದು ರೂಪಿಸಿದ ಈ ವ್ಯವಸ್ಥೆಯಿಂದ ಮಿಲಿಮೀಟರ್ ಮಟ್ಟದ ಅಳತೆ ಸಾಧ್ಯವೆಂಬುದು ಅದರ ಮೂಲ ಉದ್ದೇಶದಲ್ಲಿ ಇರಲಿಲ್ಲ. ದೂರದ ಕ್ವೇಸಾರುಗಳ ರೇಡಿಯೊ ಅಲೆಗಳನ್ನು ಎರಡು ದೂರದರ್ಶಕಗಳಿಂದ ಹೋಲಿಸಿ ನೋಡುವ ಖಗೋಳ ವಿಜ್ಞಾನದ ವಿಧಾನದಲ್ಲಿ ಪಳಗಿದ್ದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಚಾರ್ಲ್ಸ್ ಕೌನ್ಸೆಲ್‌ಮನ್ ಮೊದಲಾದವರು ಅದೇ ಆಲೋಚನೆಯನ್ನು ಜಿಪಿಎಸ್ ತರಂಗಗಳಿಗೆ ಅನ್ವಯಿಸಿದರು. 1980ರ ದಶಕದ ಆರಂಭದಲ್ಲಿ ಬಂದ ‘ಮ್ಯಾಕ್ರೊಮೀಟರ್’ ಎಂಬ ಉಪಕರಣ ಇದರ ಫಲ. ಆಗ ಕಕ್ಷೆಯಲ್ಲಿದ್ದುದು ಬೆರಳೆಣಿಕೆಯ ಉಪಗ್ರಹಗಳಾದರೂ ಭೂಮಾಪಕರು ಅದನ್ನು ಕೆಲಸಕ್ಕೆ ಬಳಸತೊಡಗಿದ್ದರು.

ಆರಂಭದ ವಿಧಾನದಲ್ಲಿ ರಿಸೀವರನ್ನು ಒಂದೇ ಕಡೆ ಗಂಟೆಗಟ್ಟಲೆ ನಿಲ್ಲಿಸಬೇಕಾಗಿತ್ತು. 1980ರ ದಶಕದ ಮಧ್ಯದಲ್ಲಿ ಅಮೆರಿಕದ ನ್ಯಾಷನಲ್ ಜಿಯೋಡೆಟಿಕ್ ಸರ್ವೇಯ ಬೆಂಜಮಿನ್ ರೆಮಾಂಡಿ, ಚಲಿಸುತ್ತಿರುವ ರಿಸೀವರಿನ ಸ್ಥಾನವನ್ನೂ ಸೆಂಟಿಮೀಟರ್ ಮಟ್ಟದಲ್ಲಿ ಪಡೆಯಬಹುದೆಂದು ತೋರಿಸಿದರು. 1990ರ ದಶಕದ ಮೊದಲ ಭಾಗದಲ್ಲಿ ರೇಡಿಯೊ ಸಂಪರ್ಕದ ಮೂಲಕ ಸ್ಥಳದಲ್ಲಿಯೇ ಫಲಿತಾಂಶ ನೀಡುವ ಆರ್‌ಟಿಕೆ ಉಪಕರಣಗಳು ಮಾರುಕಟ್ಟೆಗೆ ಬಂದವು. ಪೂರ್ಣಾಂಕಗಳನ್ನು ವೇಗವಾಗಿ ಹುಡುಕುವ ‘ಲ್ಯಾಂಬ್ಡಾ’ ವಿಧಾನವನ್ನು ನೆದರ್‌ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಟ್ಯೂನಿಸೆನ್ 1993ರಲ್ಲಿ ಮಂಡಿಸಿದರು. ಅದು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ.

ನಾಗರಿಕ ಜಿಪಿಎಸ್ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ತಪ್ಪು ಸೇರಿಸುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಸಾಮಾನ್ಯ ಬಳಕೆದಾರರಿಗೆ ಇದರಿಂದ ದೊಡ್ಡ ಅನುಕೂಲವಾಯಿತು. ವಾಹಕ ತರಂಗ ಅಳೆಯುವ ಸರ್ವೇಯರುಗಳಿಗೆ ಆದ ವ್ಯತ್ಯಾಸ ಕಡಿಮೆ. ಎರಡೂ ರಿಸೀವರ್‌ಗಳಿಗೆ ಸಮಾನವಾಗಿದ್ದ ಆ ತಪ್ಪು ಅವರ ಲೆಕ್ಕದಲ್ಲಿ ಮೊದಲೇ ಕಳೆದುಹೋಗುತ್ತಿತ್ತು. ತಿದ್ದುಪಡಿ ಮಾಹಿತಿಯನ್ನು ಅಂತರಜಾಲದ ಮೂಲಕ ಕಳಿಸುವ ‘ಎನ್‌ಟ್ರಿಪ್’ ಪದ್ಧತಿಯನ್ನು ಜರ್ಮನಿಯ ಭೂಪಟ ಮತ್ತು ಜಿಯೋಡೆಸಿ ಸಂಸ್ಥೆ ಬೆಳೆಸಿತು. 2004ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಮೊಬೈಲ್ ಜಾಲ ಹರಡಿದಂತೆ ರೇಡಿಯೊ ಉಪಕರಣವನ್ನು ಹೊತ್ತೊಯ್ಯುವ ಅಗತ್ಯ ಕಡಿಮೆಯಾಯಿತು.

## ವಿಧಾನಗಳು

### ಸ್ಥಿರ ವೀಕ್ಷಣೆ
ರಿಸೀವರನ್ನು ತ್ರಿಪಾದಿಯ ಮೇಲೆ ಅಥವಾ ಕಾಂಕ್ರೀಟ್ ಕಂಬದ ಮೇಲೆ ನಿಲ್ಲಿಸಿ ಅರ್ಧ ಗಂಟೆಯಿಂದ ಹಲವು ದಿನಗಳವರೆಗೆ ದತ್ತಾಂಶ ದಾಖಲಿಸಿ, ಆನಂತರ ಕಚೇರಿಯಲ್ಲಿ ಲೆಕ್ಕಹಾಕಲಾಗುತ್ತದೆ. ನಿಯಂತ್ರಣ ಬಿಂದುಗಳ ಸ್ಥಾಪನೆಗೆ ಮತ್ತು ಭೂಚಲನೆಯ ಅಧ್ಯಯನಕ್ಕೆ ಇದೇ ವಿಧಾನ. ಕೆಲವು ಮಿಲಿಮೀಟರ್‌ಗಳ ನಿಖರತೆ ಸಾಧ್ಯ.

### ಆರ್‌ಟಿಕೆ
ಸ್ಥಾನ ಗೊತ್ತಿರುವ ಬಿಂದುವಿನ ಮೇಲೆ ಆಧಾರ ನಿಲ್ದಾಣವನ್ನು ನಿಲ್ಲಿಸಲಾಗುತ್ತದೆ. ಅದು ತನ್ನ ಅಳತೆಗಳನ್ನು ರೇಡಿಯೊ ಅಥವಾ ಮೊಬೈಲ್ ಜಾಲದ ಮೂಲಕ ಕಳಿಸುತ್ತಿರುತ್ತದೆ. ಕೋಲಿನ ತುದಿಗೆ ಜೋಡಿಸಿದ ‘ರೋವರ್’ ಎಂಬ ಎರಡನೆಯ ರಿಸೀವರ್ ಅವನ್ನು ಪಡೆದು ತನ್ನ ಸ್ಥಾನವನ್ನು ಕೂಡಲೇ ತೋರಿಸುತ್ತದೆ. ಸಾಮಾನ್ಯವಾಗಿ ಸಮತಲದಲ್ಲಿ 1ರಿಂದ 2 ಸೆಂ.ಮೀ., ಎತ್ತರದಲ್ಲಿ 2ರಿಂದ 3 ಸೆಂ.ಮೀ. ನಿಖರತೆ ದೊರೆಯುತ್ತದೆ. ಆಧಾರ ನಿಲ್ದಾಣದಿಂದ ದೂರ ಹೋದಂತೆ ವಾಯುಮಂಡಲದ ಪರಿಣಾಮಗಳು ಎರಡೂ ಕಡೆ ಬೇರೆಯಾಗುವುದರಿಂದ, ಒಂದೇ ಆಧಾರ ನಿಲ್ದಾಣದ ವ್ಯಾಪ್ತಿ ಸುಮಾರು 10ರಿಂದ 20 ಕಿ.ಮೀ.ಗೆ ಸೀಮಿತವಾಗಿದೆ.

### ಜಾಲ ಆರ್‌ಟಿಕೆ
ವಿಶಾಲ ಪ್ರದೇಶದಲ್ಲಿ ಹಗಲಿರುಳೂ ಕೆಲಸ ಮಾಡುವ ಶಾಶ್ವತ ನಿಲ್ದಾಣಗಳನ್ನು ಸ್ಥಾಪಿಸಿ ಅವುಗಳ ದತ್ತಾಂಶವನ್ನು ಒಂದು ಕೇಂದ್ರದಲ್ಲಿ ಸೇರಿಸಲಾಗುತ್ತದೆ. ಈ ನಿಲ್ದಾಣಗಳನ್ನು ‘ಕೋರ್ಸ್’ ಎಂದು ಕರೆಯುತ್ತಾರೆ. ನಿಲ್ದಾಣಗಳ ನಡುವಿನ ವಾಯುಮಂಡಲದ ಸ್ಥಿತಿಯನ್ನು ಕೇಂದ್ರವು ಅಂದಾಜು ಮಾಡಿ, ರೋವರಿನ ಪಕ್ಕದಲ್ಲಿಯೇ ಒಂದು ಕಾಲ್ಪನಿಕ ಆಧಾರ ನಿಲ್ದಾಣವಿದ್ದಂತೆ ತಿದ್ದುಪಡಿಗಳನ್ನು ಕಳಿಸಬಲ್ಲದು. ಸರ್ವೇಯರ್ ಒಂದೇ ರೋವರಿನೊಡನೆ ಕೆಲಸಕ್ಕೆ ಹೋಗಬಹುದು. ಇಡೀ ಜಾಲದ ಎಲ್ಲ ಅಳತೆಗಳೂ ಒಂದೇ ಚೌಕಟ್ಟಿನಲ್ಲಿರುತ್ತವೆ.

### ಪಿಪಿಕೆ
ಇದರಲ್ಲಿ ಲೆಕ್ಕವನ್ನು ಸ್ಥಳದಲ್ಲಿ ಮಾಡದೆ ಆನಂತರ ಮಾಡಲಾಗುತ್ತದೆ. ಹಾರಾಟದ ನಡುವೆ ರೇಡಿಯೊ ಸಂಪರ್ಕ ಕಡಿದರೂ ತೊಂದರೆಯಾಗದ ಕಾರಣ ಡ್ರೋನ್ ಸಮೀಕ್ಷೆಯಲ್ಲಿ ಹೆಚ್ಚು ಬಳಕೆಯಲ್ಲಿದೆ.

### ಪಿಪಿಪಿ
ಹತ್ತಿರದ ಆಧಾರ ನಿಲ್ದಾಣವಿಲ್ಲದೆ, ಜಾಗತಿಕ ಜಾಲವೊಂದು ಲೆಕ್ಕಹಾಕಿದ ನಿಖರ ಕಕ್ಷೆ ಮತ್ತು ಗಡಿಯಾರದ ಮಾಹಿತಿಯಿಂದ ಒಂದೇ ರಿಸೀವರ್ ತನ್ನ ಸ್ಥಾನವನ್ನು ತಿಳಿಯುವ ವಿಧಾನ. ಸಮುದ್ರ, ಮರುಭೂಮಿಗಳಲ್ಲಿ ಇದು ಅನಿವಾರ್ಯ. ಪೂರ್ಣ ನಿಖರತೆ ತಲುಪಲು ಸಾಮಾನ್ಯವಾಗಿ 20ರಿಂದ 30 ನಿಮಿಷ ಹಿಡಿಯುವುದು ಇದರ ಕೊರತೆ. ಯುರೋಪಿನ ಗೆಲಿಲಿಯೊ ವ್ಯವಸ್ಥೆ 2023ರ ಜನವರಿಯಿಂದ ಇಂಥ ತಿದ್ದುಪಡಿಗಳನ್ನು ಉಪಗ್ರಹದ ಮೂಲಕವೇ ಉಚಿತವಾಗಿ ಪ್ರಸಾರ ಮಾಡುತ್ತಿದೆ. ಜಪಾನಿನ ಕ್ವಾಸಿ-ಜೆನಿತ್ ವ್ಯವಸ್ಥೆ ತನ್ನ ದೇಶದ ಮಟ್ಟಿಗೆ 2018ರಿಂದ ಸೆಂಟಿಮೀಟರ್ ಮಟ್ಟದ ಸೇವೆ ಒದಗಿಸುತ್ತಿದೆ.

## ಚೌಕಟ್ಟು ಮತ್ತು ಎತ್ತರ

ಸ್ಥಾನವನ್ನು ಸಂಖ್ಯೆಗಳಲ್ಲಿ ಹೇಳಲು ಒಂದು ನಿರ್ದೇಶಾಂಕ ಚೌಕಟ್ಟು ಬೇಕು. ಭಾರತದ ಹಳೆಯ ಭೂಪಟಗಳು 1830ರಲ್ಲಿ ಜಾರ್ಜ್ ಎವರೆಸ್ಟ್ ನೀಡಿದ ಭೂಆಕಾರದ ಮೌಲ್ಯಗಳನ್ನು ಆಧರಿಸಿದ್ದವು. ಜಿಪಿಎಸ್ ಬಳಸುವುದು ‘ಡಬ್ಲ್ಯುಜಿಎಸ್-84’ ಎಂಬ ಬೇರೆ ಚೌಕಟ್ಟನ್ನು. ಪರಿವರ್ತನೆ ಮಾಡದೆ ಒಂದರ ಅಂಕಿಗಳನ್ನು ಇನ್ನೊಂದರ ಭೂಪಟದ ಮೇಲೆ ಗುರುತಿಸಿದರೆ ಬಿಂದು ನೂರಾರು ಮೀಟರ್ ಪಕ್ಕಕ್ಕೆ ಬೀಳಬಹುದು.

ಚೌಕಟ್ಟಿನ ಜೊತೆಗೆ ಕಾಲವನ್ನೂ ಹೇಳಬೇಕಾಗುತ್ತದೆ. ಭಾರತದ ಭೂಫಲಕ ಜಾಗತಿಕ ಚೌಕಟ್ಟಿನಲ್ಲಿ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಈಶಾನ್ಯದ ಕಡೆಗೆ ಸರಿಯುತ್ತಿದೆ. ಹೊಲದ ಮೂಲೆಯ ಕಲ್ಲು ಅಲ್ಲಾಡದೆ ಇದ್ದರೂ ಅದರ ಜಾಗತಿಕ ನಿರ್ದೇಶಾಂಕಗಳು 20 ವರ್ಷಗಳಲ್ಲಿ ಸುಮಾರು ಒಂದು ಮೀಟರ್ ಬದಲಾಗಿರುತ್ತವೆ. ಆದ್ದರಿಂದ ಬೇರೆ ಬೇರೆ ವರ್ಷಗಳ ಅಳತೆಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ದಿನಾಂಕಕ್ಕೆ ತರುವುದು ಅಗತ್ಯ. ನೆಲಕ್ಕೆ ಅಂಟಿಕೊಂಡಂತೆ ಇರುವ ರಾಷ್ಟ್ರೀಯ ಚೌಕಟ್ಟುಗಳನ್ನು ರೂಪಿಸಲು ಇದೂ ಒಂದು ಕಾರಣ.

ಎತ್ತರದ ವಿಷಯ ಇನ್ನೂ ಸೂಕ್ಷ್ಮವಾದುದು. ರಿಸೀವರ್ ಲೆಕ್ಕಹಾಕುವುದು ಗಣಿತದ ದೀರ್ಘವೃತ್ತಜದಿಂದ ಇರುವ ಎತ್ತರವನ್ನು. ನೀರು ಹರಿಯುವುದು ಗುರುತ್ವವನ್ನು ಅನುಸರಿಸಿ. ಸಮುದ್ರಮಟ್ಟದ ಎತ್ತರಕ್ಕೆ ‘ಜಿಯಾಯ್ಡ್’ ಎಂಬ ಗುರುತ್ವ ಮೇಲ್ಮೈ ಆಧಾರ. ಈ ಎರಡು ಮೇಲ್ಮೈಗಳ ವ್ಯತ್ಯಾಸ ಜಗತ್ತಿನಲ್ಲಿಯೇ ಅತಿ ಹೆಚ್ಚಾಗಿ ಕಾಣುವುದು ಭಾರತದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಜಿಯಾಯ್ಡ್ ಸುಮಾರು 100 ಮೀಟರ್‌ಗಿಂತಲೂ ಕೆಳಗಿದೆ. ಬೆಂಗಳೂರಿನಲ್ಲಿಯೂ ವ್ಯತ್ಯಾಸ 80 ಮೀಟರ್‌ಗಿಂತ ಹೆಚ್ಚು. ಸರಿಯಾದ ಜಿಯಾಯ್ಡ್ ಮಾದರಿಯಿಲ್ಲದೆ ಕೇವಲ ಉಪಗ್ರಹದ ಎತ್ತರ ನಂಬಿ ಕಾಲುವೆ ಅಥವಾ ಒಳಚರಂಡಿಯ ಇಳಿಜಾರು ನಿರ್ಧರಿಸುವುದು ಅಪಾಯಕರ.

## ಉಪಯೋಗಗಳು

ಭೂಮಾಪನ ಮತ್ತು ನಿರ್ಮಾಣ: ಜಮೀನಿನ ಅಳತೆ, ರಸ್ತೆ, ರೈಲುಮಾರ್ಗ, ಕಾಲುವೆ, ವಿದ್ಯುತ್ ಮಾರ್ಗಗಳ ಸಮೀಕ್ಷೆಗಳಲ್ಲಿ ಆರ್‌ಟಿಕೆ ಇಂದು ಸಾಮಾನ್ಯ. ಬುಲ್ಡೋಜರ್, ಗ್ರೇಡರ್‌ಗಳಿಗೆ ರಿಸೀವರ್ ಜೋಡಿಸಿ ಅವುಗಳ ಅಲಗನ್ನು ವಿನ್ಯಾಸದ ಮಟ್ಟಕ್ಕೆ ತಾನಾಗಿ ನಿಲ್ಲಿಸುವ ವ್ಯವಸ್ಥೆಯೂ ಇದೆ. ಸುರಂಗದೊಳಗೆ ಉಪಗ್ರಹ ಸಂಕೇತ ತಲುಪದು. ಅಲ್ಲಿ ಬಾಯಿಯ ಬಳಿ ನಿಯಂತ್ರಣ ಬಿಂದುಗಳನ್ನು ಉಪಗ್ರಹದಿಂದ ನಿರ್ಧರಿಸಿ, ಒಳಗಿನ ಅಳತೆಯನ್ನು ಟೋಟಲ್ ಸ್ಟೇಷನ್ ಮೂಲಕ ಮುಂದುವರಿಸಲಾಗುತ್ತದೆ.

ರಚನೆಗಳ ನಿಗಾ: ಹಾಂಗ್‌ಕಾಂಗಿನ ತ್ಸಿಂಗ್ ಮಾ ತೂಗುಸೇತುವೆಯಂತಹ ದೊಡ್ಡ ರಚನೆಗಳಲ್ಲಿ ಗಾಳಿ ಮತ್ತು ವಾಹನಗಳ ಭಾರದಿಂದ ಆಗುವ ಚಲನೆಯನ್ನು ಶಾಶ್ವತ ರಿಸೀವರ್‌ಗಳು ದಾಖಲಿಸುತ್ತವೆ. ಅಣೆಕಟ್ಟು, ಗಣಿಯ ಗೋಡೆ, ಕುಸಿಯುವ ಗುಡ್ಡಗಳ ನಿಗಾಕ್ಕೂ ಇದೇ ತಂತ್ರ ಬಳಕೆಯಾಗುತ್ತದೆ.

ಕೃಷಿ: ಆರ್‌ಟಿಕೆ ಜೋಡಿಸಿದ ಟ್ರ್ಯಾಕ್ಟರ್ ಚಾಲಕನ ಕೈ ತಾಗದೆಯೇ ಪ್ರತಿ ವರ್ಷವೂ ಅದೇ ಸಾಲಿನಲ್ಲಿ ಸಾಗಬಲ್ಲದು. ಇದರಿಂದ ಬಿತ್ತನೆ, ಗೊಬ್ಬರ, ಔಷಧಿ ಸಿಂಪರಣೆಗಳು ಒಂದರ ಮೇಲೊಂದು ಬೀಳುವುದೂ ನಡುವೆ ಜಾಗ ಉಳಿಯುವುದೂ ತಪ್ಪುತ್ತದೆ. ಅಮೆರಿಕ, ಆಸ್ಟ್ರೇಲಿಯಗಳಂಥ ದೊಡ್ಡ ಹಿಡುವಳಿಗಳ ದೇಶಗಳಲ್ಲಿ ಇದು ಹೆಚ್ಚು ಹರಡಿದೆ.

ಭೂವಿಜ್ಞಾನ: ಜಪಾನಿನಲ್ಲಿ ಸುಮಾರು 1,300 ಶಾಶ್ವತ ನಿಲ್ದಾಣಗಳ ಜಾಲವಿದೆ. 2011ರ ಮಾರ್ಚ್ 11ರ ಮಹಾಭೂಕಂಪದಲ್ಲಿ ಒಶಿಕಾ ಪರ್ಯಾಯ ದ್ವೀಪದ ನಿಲ್ದಾಣ ಸುಮಾರು 5.3 ಮೀಟರ್ ಆಗ್ನೇಯ ದಿಕ್ಕಿಗೆ ಸರಿದು, 1.2 ಮೀಟರ್ ಕುಸಿದದ್ದನ್ನು ಈ ಜಾಲ ದಾಖಲಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ನಿಲ್ದಾಣವು ಅಂತರರಾಷ್ಟ್ರೀಯ ಐಜಿಎಸ್ ಜಾಲಕ್ಕೆ ಸೇರಿದ್ದು, ಭಾರತದ ಭೂಫಲಕದ ಚಲನೆಯ ಅಧ್ಯಯನದಲ್ಲಿ ಅದರ ದತ್ತಾಂಶ ಬಳಕೆಯಾಗಿದೆ.

ಎವರೆಸ್ಟಿನ ಎತ್ತರ: ನೇಪಾಳದ ಸರ್ವೇ ತಂಡ 2019ರ ಮೇ ತಿಂಗಳಿನಲ್ಲಿಯೂ ಚೀನಾದ ತಂಡ 2020ರ ಮೇ ತಿಂಗಳಿನಲ್ಲಿಯೂ ಶಿಖರದ ಮೇಲೆ ರಿಸೀವರ್ ನಿಲ್ಲಿಸಿ ಅಳತೆ ಮಾಡಿದವು. ಹಿಮದ ದಪ್ಪವನ್ನು ರೇಡಾರಿನಿಂದ ತಿಳಿಯಲಾಯಿತು. ಗುರುತ್ವದ ಅಳತೆಗಳಿಂದ ಜಿಯಾಯ್ಡ್ ಲೆಕ್ಕಹಾಕಲಾಯಿತು. ಎರಡೂ ದೇಶಗಳು 2020ರ ಡಿಸೆಂಬರ್ 8ರಂದು 8,848.86 ಮೀಟರ್ ಎಂಬ ಎತ್ತರವನ್ನು ಜಂಟಿಯಾಗಿ ಪ್ರಕಟಿಸಿದವು.

## ಭಾರತದಲ್ಲಿ

ಭಾರತದಲ್ಲಿ ವೈಜ್ಞಾನಿಕ ಭೂಮಾಪನದ ಪರಂಪರೆ ಹಳೆಯದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಆಧಾರ ರೇಖೆ ಅಳೆದು ಮಹಾ ತ್ರಿಕೋನಮಿತೀಯ ಸಮೀಕ್ಷೆಯನ್ನು ಆರಂಭಿಸಿದರು. 1804ರಲ್ಲಿ ಬೆಂಗಳೂರಿನ ಹತ್ತಿರವೂ ಒಂದು ಆಧಾರ ರೇಖೆಯನ್ನು ಅಳೆಯಲಾಯಿತು. ಗೊತ್ತಿರುವ ಒಂದು ರೇಖೆಯಿಂದ ಗೊತ್ತಿಲ್ಲದ ಬಿಂದುವಿಗೆ ಹೋಗುವ ಅಂದಿನ ತತ್ತ್ವವೇ ಇಂದಿನ ಆಧಾರ ನಿಲ್ದಾಣದಲ್ಲಿಯೂ ಇದೆ.

ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶದಾದ್ಯಂತ ಕೋರ್ಸ್ ನಿಲ್ದಾಣಗಳ ಜಾಲವನ್ನು ಸ್ಥಾಪಿಸಿ ಆರ್‌ಟಿಕೆ ಸೇವೆ ನೀಡುತ್ತಿದೆ. ಕರ್ನಾಟಕವೂ ಈ ಜಾಲದಲ್ಲಿದೆ. 2020ರ ಏಪ್ರಿಲ್ 24ರಂದು ಆರಂಭವಾದ ‘ಸ್ವಾಮಿತ್ವ’ ಯೋಜನೆಯಲ್ಲಿ ಗ್ರಾಮಗಳ ಜನವಸತಿ ಪ್ರದೇಶಗಳನ್ನು, ಅಂದರೆ ಕರ್ನಾಟಕದಲ್ಲಿ ಗ್ರಾಮಠಾಣಾ ಎನ್ನುವ ಭಾಗವನ್ನು, ಡ್ರೋನ್ ಮೂಲಕ ಸಮೀಕ್ಷೆ ಮಾಡಿ ಮನೆ-ನಿವೇಶನಗಳ ಹಕ್ಕುದಾಖಲೆ ನೀಡಲಾಗುತ್ತಿದೆ. ಡ್ರೋನ್ ಚಿತ್ರಗಳಿಗೆ ನೆಲದ ಮೇಲಿನ ನಿಖರ ಆಧಾರವನ್ನು ಈ ಜಾಲವೇ ಒದಗಿಸುತ್ತದೆ.

ದೀರ್ಘಕಾಲ ಭಾರತದಲ್ಲಿ ಭೂಪಟ ರಚನೆಗೆ ಹಲವು ಪೂರ್ವಾನುಮತಿಗಳು ಬೇಕಾಗಿದ್ದವು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿ 15ರಂದು ಹೊರಡಿಸಿದ ಮಾರ್ಗಸೂಚಿ ಇದನ್ನು ಸಡಿಲಿಸಿತು. ಸಮತಲದಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಭಾರತೀಯ ಸಂಸ್ಥೆಗಳು ಮಾತ್ರ ಸಂಗ್ರಹಿಸಬಹುದೆಂದು ಅದು ಮಿತಿ ಹಾಕಿತು.

ಇಸ್ರೊದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಉಡಾವಣೆಯಾಯಿತು. ಇದರ ಸಂಚರಣಾ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರವೂ ಉಪಗ್ರಹಗಳ ನಿರ್ವಹಣೆಯಲ್ಲಿ ಪಾಲುಗೊಂಡಿದೆ. ಮೊದಲ ತಲೆಮಾರಿನ ಕೆಲವು ಉಪಗ್ರಹಗಳಲ್ಲಿ ಹೊರದೇಶದಿಂದ ತರಿಸಿದ್ದ ಪರಮಾಣು ಗಡಿಯಾರಗಳು ಕೆಟ್ಟುಹೋದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ದೇಶೀಯ ರುಬಿಡಿಯಂ ಗಡಿಯಾರವನ್ನು ಅಳವಡಿಸಲಾಯಿತು. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ‘ಗಗನ್’ ವ್ಯವಸ್ಥೆ ವಿಮಾನಯಾನಕ್ಕಾಗಿ ಜಿಪಿಎಸ್ ಸಂಕೇತಗಳನ್ನು ತಿದ್ದುತ್ತದೆ. ಗಗನ್ ನೀಡುವುದು ಮೀಟರ್ ಮಟ್ಟದ ನಿಖರತೆ ಮತ್ತು ಸಂಕೇತ ನಂಬಲರ್ಹವೇ ಎಂಬ ಎಚ್ಚರಿಕೆ. ಅದು ಆರ್‌ಟಿಕೆಗೆ ಬದಲಿಯಲ್ಲ.

## ಮಿತಿಗಳು

ಉಪಗ್ರಹದ ಸಂಕೇತ ಭೂಮಿ ತಲುಪುವ ಹೊತ್ತಿಗೆ ಅತ್ಯಂತ ದುರ್ಬಲವಾಗಿರುತ್ತದೆ. ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಅದು ಮರೆಯಾಗುತ್ತದೆ. ಅಡಿಕೆ ತೋಟ, ಕಾಫಿ ತೋಟಗಳಂಥ ಕಡೆ ಫಿಕ್ಸ್ ದೊರೆಯದೆ ಸರ್ವೇಯರ್ ಬಯಲಿನಲ್ಲಿ ಎರಡು ಬಿಂದು ನಿರ್ಧರಿಸಿ, ಅಲ್ಲಿಂದ ಟೋಟಲ್ ಸ್ಟೇಷನ್ ಹಿಡಿಯಬೇಕಾಗುತ್ತದೆ. ಸಂಕೇತವನ್ನು ಅಡ್ಡಿಪಡಿಸುವ ಜಾಮಿಂಗ್ ಹಾಗೂ ಸುಳ್ಳು ಸಂಕೇತ ಕಳಿಸುವ ಸ್ಪೂಫಿಂಗ್ ಕೂಡ ಸಾಧ್ಯ.

ಸೂರ್ಯನ ಚಟುವಟಿಕೆ ಮತ್ತೊಂದು ಮಿತಿ. 2024ರ ಮೇ 10ರಂದು ಆರಂಭವಾದ ತೀವ್ರ ಭೂಕಾಂತೀಯ ಬಿರುಗಾಳಿಯಿಂದ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ, ಬಿತ್ತನೆಯ ಹಂಗಾಮಿನಲ್ಲಿಯೇ, ಆರ್‌ಟಿಕೆ ನಂಬಿದ್ದ ಟ್ರ್ಯಾಕ್ಟರುಗಳ ಕೆಲಸ ನಿಂತಿತು. ಭೂಕಾಂತೀಯ ಸಮಭಾಜಕ ವೃತ್ತ ದಕ್ಷಿಣ ಭಾರತದ ತುದಿಯ ಸಮೀಪ ಹಾದುಹೋಗುವುದರಿಂದ ಇಲ್ಲಿನ ಅಯಾನು ಮಂಡಲ ಸಹಜವಾಗಿಯೇ ಚಂಚಲ. ಸೂರ್ಯಾಸ್ತದ ಬಳಿಕ ಕೆಲವು ಗಂಟೆಗಳ ಕಾಲ ಸಂಕೇತ ಮಿನುಗುವಂತೆ ಏರಿಳಿಯುವುದುಂಟು.

ಉಳಿದ ತಪ್ಪುಗಳು ಮನುಷ್ಯರವು. 2 ಮೀಟರ್ ಎತ್ತರದ ಕೋಲು ಒಂದೇ ಡಿಗ್ರಿ ವಾಲಿದರೂ ತುದಿಯಲ್ಲಿ 3.5 ಸೆಂ.ಮೀ. ವ್ಯತ್ಯಾಸವಾಗುತ್ತದೆ. ಹಾಗಾಗಿ ಕೋಲಿನ ರಸಮಟ್ಟವನ್ನು ಆಗಾಗ ಪರೀಕ್ಷಿಸಬೇಕು. ಕೋಲಿನ ಎತ್ತರವನ್ನು ತಪ್ಪಾಗಿ ನಮೂದಿಸುವುದು, ಆಧಾರ ನಿಲ್ದಾಣದ ನಿರ್ದೇಶಾಂಕವನ್ನು ತಪ್ಪಾಗಿ ಕೊಡುವುದು ಮೊದಲಾದ ತಪ್ಪುಗಳನ್ನು ಉಪಕರಣ ತಾನಾಗಿ ಕಂಡುಹಿಡಿಯಲಾರದು. ಆಧಾರ ನಿಲ್ದಾಣ ಒಂದು ಮೀಟರ್ ತಪ್ಪಿದ್ದರೆ ಅದರಿಂದ ಅಳೆದ ಎಲ್ಲ ಬಿಂದುಗಳೂ ಅಷ್ಟೇ ತಪ್ಪಿ, ಪರಸ್ಪರ ಮಾತ್ರ ಸರಿಯಾಗಿ ಹೊಂದಿಕೊಳ್ಳುತ್ತವೆ. ಕೆಲಸದ ಮೊದಲು ಮತ್ತು ಕೊನೆಯಲ್ಲಿ ಗೊತ್ತಿರುವ ಬೇರೊಂದು ಬಿಂದುವನ್ನು ಅಳೆದು ನೋಡುವುದೇ ಇದಕ್ಕೆ ಪರಿಹಾರ.

## ನಿಖರತೆ ಮತ್ತು ಜಮೀನಿನ ಗಡಿ

ಕರ್ನಾಟಕದ ಹಳೆಯ ಮೋಜಣಿ ನಡೆದದ್ದು 33 ಅಡಿ ಉದ್ದದ ಸರಪಳಿಯಿಂದ. ಒಂದು ಸರಪಳಿಗೆ 16 ಆಣೆ. ಒಂದು ಆಣೆಯೆಂದರೆ ಸುಮಾರು 63 ಸೆಂ.ಮೀ. ಒಂದು ಸರಪಳಿಯ ಚದರ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಟಿಪ್ಪಣಿ ನಕ್ಷೆಗಳೂ ಆಕಾರ್‌ಬಂದ್ ವಿಸ್ತೀರ್ಣಗಳೂ ಈ ಅಳತೆಯಿಂದ ಬಂದವು. ಅದೇ ಹೊಲವನ್ನು ರೋವರಿನಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದಾಗ ದಾಖಲೆಗೂ ಹೊಸ ಅಳತೆಗೂ ವ್ಯತ್ಯಾಸ ಬರುವುದು ಸಹಜ. ವ್ಯತ್ಯಾಸ ಬಂದ ಮಾತ್ರಕ್ಕೆ ನೆರೆಯವರು ಒತ್ತುವರಿ ಮಾಡಿದ್ದಾರೆ ಎಂದಾಗಲಿ, ಹಳೆಯ ಸರ್ವೇಯರ್ ತಪ್ಪು ಮಾಡಿದ್ದಾರೆ ಎಂದಾಗಲಿ ಅರ್ಥವಲ್ಲ.

ರೋವರ್ ಹೇಳುವುದು ಒಂದು ಬಿಂದು ಎಲ್ಲಿದೆ ಎಂಬುದನ್ನು ಮಾತ್ರ. ಆ ಬಿಂದು ಗಡಿಯೇ ಎಂಬುದನ್ನು ಮೂಲ ದಾಖಲೆ, ಸ್ಥಳದಲ್ಲಿ ಉಳಿದಿರುವ ಗಡಿಕಲ್ಲು, ಬದು, ಅನುಭವದ ಸ್ಥಿತಿ ಮತ್ತು ಕಾನೂನಿನ ಪ್ರಕ್ರಿಯೆ ನಿರ್ಧರಿಸುತ್ತವೆ. ಕರ್ನಾಟಕದಲ್ಲಿ ಸರ್ವೇ ಮತ್ತು ಗಡಿ ನಿರ್ಧಾರದ ಕ್ರಮವನ್ನು 1964ರ ಕರ್ನಾಟಕ ಭೂಕಂದಾಯ ಅಧಿನಿಯಮ ವಿಧಿಸುತ್ತದೆ. ಗಡಿಯ ಕುರಿತು ಒಪ್ಪಿಗೆಯಾದ ಮೇಲೆ ಮಾತ್ರ ಹೊಸ ತಂತ್ರಜ್ಞಾನದ ಪೂರ್ಣ ಪ್ರಯೋಜನ ದೊರೆಯುತ್ತದೆ: ಸರಿಯಾದ ಚೌಕಟ್ಟಿನಲ್ಲಿ ದಾಖಲಾದ ಬಿಂದುವನ್ನು, ಅಲ್ಲಿದ್ದ ಕಲ್ಲು ನೆರೆಯಲ್ಲಿ ಕೊಚ್ಚಿಹೋದರೂ ಯಾರಾದರೂ ಕಿತ್ತು ಹಾಕಿದರೂ, ಮತ್ತೆ ಅದೇ ಜಾಗದಲ್ಲಿ ಕೆಲವು ಸೆಂಟಿಮೀಟರ್‌ಗಳೊಳಗೆ ಗುರುತಿಸಬಹುದು.

## ಇವನ್ನೂ ನೋಡಿ

* ಜಿಪಿಎಸ್
* ನಾವಿಕ್
* ಗಗನ್
* ಭಾರತೀಯ ಸರ್ವೇಕ್ಷಣಾ ಇಲಾಖೆ
* ಮಹಾ ತ್ರಿಕೋನಮಿತೀಯ ಸಮೀಕ್ಷೆ
* ಪರಮಾಣು ಗಡಿಯಾರ